ದೀಪಕ್ಕೆ ತಿಳಿಯದ ವಿಭಕ್ತಿ

ನ್ಯಾಯಮೂರ್ತಿ ಶಾರ್ಙ್ಗಪಾಣಿ ಹುಯಿಲಗೋಳರು ತೀರ್ಪಿನ ಹಾಳೆಗಳನ್ನು ಕೈಗೆತ್ತಿಕೊಂಡು, ಕನ್ನಡಕವನ್ನು ಸರಿಪಡಿಸಿಕೊಂಡು, ಮೊದಲ ವಾಕ್ಯವನ್ನು ಓದಲು ಬಾಯಿ ತೆರೆದರು. ಅಷ್ಟರಲ್ಲಿ ಪೀಠದ ಬಲಗಡೆ ಉರಿಯುತ್ತಿದ್ದ ಅಭಯದೀಪವು ಹಸಿರು ಬಣ್ಣವನ್ನು ತೊರೆದು, ಒಂದು ಕ್ಷಣ ಹಳದಿಯಾಗಿ, ಅನಂತರ ಕೆಂಪಾಗಿ ನಿಂತಿತು.

ನ್ಯಾಯಮೂರ್ತಿಗಳು ತಲೆಯೆತ್ತಿ ದೀಪವನ್ನು ನೋಡಿ, ತೆರೆದ ಬಾಯನ್ನು ಹಾಗೆಯೇ ಮುಚ್ಚಿದರು. ಬೆಳ್ಳಿಯ ಕೋಲು ಹಿಡಿದು ಪಕ್ಕದಲ್ಲಿ ನಿಂತಿದ್ದ ವೃದ್ಧ ದಫೇದಾರ ಮೌಲಾಸಾಬ ಬೆಳವಟಗಿಯವರು, ದೀಪದ ಶಾಸನವು ವಿಧಿಸಿದ್ದಂತೆ, ಆ ಹಾಳೆಗಳನ್ನು ತೆಗೆದುಕೊಂಡು ಲಕೋಟೆಯಲ್ಲಿಟ್ಟು ಅರಗಿನ ಮುದ್ರೆಯೊತ್ತಿದರು. ಮೊಕದ್ದಮೆಯು ಇನ್ನೊಬ್ಬ ನ್ಯಾಯಾಧೀಶರಿಗೆ ಹೋಗುವುದೆಂದು ಘೋಷಣೆಯಾಯಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹೆಂಗಸೊಬ್ಬಳು ಪಕ್ಕದವರನ್ನು, "ಏನಾತ್ರಿ? ಬಿಟ್ರೇನ್ರಿ ನಮ್ಮ ಮನಿಯವರನ್ನ?" ಎಂದು ಕೇಳುತ್ತಿದ್ದಳು.

ಆಕೆಯ ಹೆಸರು ಬಸಲಿಂಗವ್ವ. ಆಕೆಯ ಗಂಡ ಫಕೀರಪ್ಪ ಅಕ್ಕೂರ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಮಾಸ್ತರ. ಚುನಾವಣೆಯಲ್ಲಿ ಮತಗಟ್ಟೆಯ ಅಧಿಕಾರಿಯಾಗಿ ಹೋಗಿದ್ದಾಗ, ತಾನು ಎಣಿಸಿದ ಮತಗಳಿಗೂ ಮೇಲಿನಿಂದ ಬರೆದು ಬಂದ ಪಟ್ಟಿಗೂ ತಾಳೆಯಾಗದಿದ್ದುದರಿಂದ ಆತ ಸಹಿ ಮಾಡಲಿಲ್ಲ. ಮರುದಿನವೇ ಗಣರಾಜ್ಯದ ಲೋಕಕ್ಷೇಮ ಶಾಸನದ ಮೇರೆಗೆ ಆತನನ್ನು ಹಿಡಿದರು. ಆ ಶಾಸನದ ಪ್ರಕಾರ ಆರೋಪವನ್ನು ಹೇಳಬೇಕಾಗಿಲ್ಲ. ಬಿಡುಗಡೆಯ ಅರ್ಜಿಯನ್ನು ನ್ಯಾಯಪೀಠವು ತಳ್ಳಿಹಾಕಿದರೆ ಬಂಧಿಯನ್ನು ಸಮುದ್ರದ ನಡುವಿನ ಶಿಬಿರಕ್ಕೆ ಸಾಗಿಸುತ್ತಾರೆ. ಅಲ್ಲಿಂದ ಯಾರೂ ಕಾಗದ ಬರೆದದ್ದಿಲ್ಲ.

ಸಂದರ್ಶಕರ ಮೊದಲ ಸಾಲಿನಲ್ಲಿ ಕುಳಿತಿದ್ದ ಡಾಕ್ಟರ್ ಮಂದಾಕಿನಿ ಕಟಗೇರಿಗೆ ಮಾತ್ರ, ಒಳಗೊಳಗೆ, ಸಮಾಧಾನವಾಗಿತ್ತು. ಅಭಯದೀಪವನ್ನು ನಿರ್ಮಿಸಿದವಳು ಆಕೆಯೇ. ಯಾರೋ ಒಬ್ಬ ನ್ಯಾಯಮೂರ್ತಿಯನ್ನು ಬೆದರಿಸಿದ್ದರು. ದೀಪವು ಅದನ್ನು ಹಿಡಿದುಕೊಟ್ಟಿತ್ತು.

ದೀಪದ ತತ್ತ್ವವು ಸರಳವಾದುದು. ಮನುಷ್ಯನಿಗೆ ಭಯವುಂಟಾದಾಗ ಮೆದುಳಿನ ಆಳದಲ್ಲಿ, ಬಾದಾಮಿಯ ಗಾತ್ರದ ಒಂದು ಭಾಗ ಕೆರಳುತ್ತದೆ. ಮಂದಾಕಿನಿ ಅದನ್ನು ಭೀತಿಬೀಜವೆಂದು ಕರೆದಳು. ಅದು ಕೆರಳಿದಾಗ ಹೊಮ್ಮುವ ಅತಿಸೂಕ್ಷ್ಮವಾದ ಕಾಂತತರಂಗಗಳನ್ನು, ಪೀಠದ ಬೆನ್ನೊರಗಿನಲ್ಲಿ ಹುದುಗಿಸಿದ ತರಂಗಗ್ರಾಹಿಯು ಹಿಡಿದು ದೀಪಕ್ಕೆ ತಲುಪಿಸುತ್ತದೆ. ನ್ಯಾಯಾಧೀಶನು ಏನನ್ನು ಯೋಚಿಸುತ್ತಿದ್ದಾನೆ ಎಂಬುದನ್ನು ದೀಪವು ಓದುವುದಿಲ್ಲ. ಓದಕೂಡದೆಂದು ಮಂದಾಕಿನಿಯೇ ಹಟ ಹಿಡಿದಿದ್ದಳು. ಭಯವಿದೆಯೇ ಇಲ್ಲವೇ ಎಂಬುದಷ್ಟೇ ಅದಕ್ಕೆ ವಿಷಯ. ಭಯವಿಲ್ಲದೆ ನ್ಯಾಯ ನೀಡುತ್ತೇನೆಂದು ನ್ಯಾಯಾಧೀಶರು ಲೋಕದ ಎಲ್ಲೆಡೆ ಪ್ರತಿಜ್ಞೆ ಮಾಡುತ್ತಾರೆ. ಆ ಪ್ರತಿಜ್ಞೆಯ ಮೊದಲ ಪದವನ್ನು ಪರೀಕ್ಷಿಸಬಲ್ಲ ಯಂತ್ರವು ಅದುವರೆಗೆ ಇರಲಿಲ್ಲ.

ನಾಲ್ಕು ವರ್ಷಗಳಲ್ಲಿ ಹತ್ತೊಂಬತ್ತು ದೇಶಗಳ ನ್ಯಾಯಪೀಠಗಳಲ್ಲಿ ಅಭಯದೀಪ ಬೆಳಗಿತು. ಜನರು ಆರಿಸಿದ ಸರಕಾರಗಳೂ, ಜನರನ್ನು ಕೇಳದೆ ಗದ್ದುಗೆಯೇರಿದ ಸರಕಾರಗಳೂ ಅದನ್ನು ಒಂದೇ ಉತ್ಸಾಹದಿಂದ ಬರಮಾಡಿಕೊಂಡವು. ಎರಡನೆಯವರ ಉತ್ಸಾಹಕ್ಕೆ ಕಾರಣವೇನೆಂದು ಮಂದಾಕಿನಿ ಕೇಳಿಕೊಂಡಿರಲಿಲ್ಲ. ಮುನ್ನೂರ ಹನ್ನೆರಡು ನ್ಯಾಯಾಧೀಶರನ್ನು ಕೆಂಪು ದೀಪವು ಮೊಕದ್ದಮೆಗಳಿಂದ ಸರಿಸಿತ್ತು. ಅಷ್ಟು ಮಂದಿಯನ್ನೂ ತಾನು ಅಧರ್ಮದಿಂದ ಪಾರುಮಾಡಿದೆನೆಂದು ಆಕೆ ತಿಳಿದಿದ್ದಳು.

ದೀಪದ ಶಾಸನಕ್ಕೆ ಆಕೆ ಒತ್ತಾಯಿಸಿ ಸೇರಿಸಿದ ವಿಧಿಯೊಂದಿತ್ತು. ದೀಪವು ತಪ್ಪು ತೋರಿಸಿದೆಯೆಂದು ಅದರ ನಿರ್ಮಾಪಕಿಯೇ ಪ್ರಮಾಣ ಮಾಡಿ ಬರೆದುಕೊಟ್ಟರೆ, ಮುದ್ರೆಯೊತ್ತಿದ ಲಕೋಟೆಯನ್ನು ಒಡೆದು ಅದರಲ್ಲಿರುವ ತೀರ್ಪನ್ನು ಓದತಕ್ಕದ್ದು. ಅನಂತರದ ತೀರ್ಪುಗಳು ಬಿದ್ದುಹೋಗತಕ್ಕವು. ಆ ವಿಧಿಯು ಒಮ್ಮೆಯೂ ಬಳಕೆಗೆ ಬಂದಿರಲಿಲ್ಲ.

ಈಗ ಆಕೆ ನಾಲ್ಕನೆಯ ವರ್ಷದ ಪರೀಕ್ಷಣೆಗಾಗಿ ಸ್ವಂತ ಊರಿಗೆ ಬಂದಿದ್ದಳು. ಹೋಲಿಕೆಗೆಂದು ಪರೀಕ್ಷಕರೂ ಒಂದು ಚಿಕ್ಕ ಕೈದೀಪವನ್ನು ಹೊತ್ತಿಸಿಟ್ಟುಕೊಳ್ಳಬೇಕು. ಅದರ ತರಂಗಗ್ರಾಹಿಯು ತಲೆಗೂದಲಿಗೆ ಸಿಕ್ಕಿಸುವ ಪಿನ್ನಿನಷ್ಟೇ ದೊಡ್ಡದು. ಮಂದಾಕಿನಿಯ ಮಡಿಲಲ್ಲಿದ್ದ ಕೈದೀಪವು ಬೆಳಗಿನಿಂದ ಹಸಿರಾಗಿಯೇ ಇತ್ತು.

ಮೊಗಸಾಲೆಯಲ್ಲಿ ಆಕೆ ಮೌಲಾಸಾಬರನ್ನು ತಡೆದು ನಿಲ್ಲಿಸಿದಳು. ಆಕೆಯ ತಂದೆ ಬಿಂದುಮಾಧವ ಕಟಗೇರಿಯವರು ಇದೇ ಊರಿನಲ್ಲಿ ನ್ಯಾಯಾಧೀಶರಾಗಿದ್ದಾಗ ಅವರ ಮುಂದೆ ಕೋಲು ಹಿಡಿದು ನಡೆದವರೂ ಇವರೇ.

"ಕಾಕಾ, ಹುಯಿಲಗೋಳರಿಗೆ ಯಾರು ಧಮಕಿ ಹಾಕ್ಯಾರ? ನಿಮಗ ಗೊತ್ತಿರಬೇಕಲ್ಲ."

"ಧಮಕಿ ಇಲ್ಲಿ ಯಾರಿಗೆ ಬಂದಿಲ್ರಿ ಅಕ್ಕಾರ? ಆ ಗ್ವಾಡಿ ಗಡಿಯಾರಕ್ಕೊಂದು ಬಂದಿಲ್ಲ. ಅದು ನಿಂತು ಮೂರು ವರ್ಷ ಆತು, ಅದಕ್ಕ."

"ನಗಬ್ಯಾಡ್ರಿ. ನನ್ನ ದೀಪ ಇವತ್ತ ಅವರನ್ನ ಉಳಿಸ್ತು. ಅಂಜಿ ತಪ್ಪು ತೀರ್ಪು ಓದಿದ್ರ ನಮ್ಮಪ್ಪನ್ಹಂಗ ಜನ್ಮಪೂರ್ತಿ ಕೊರಗ್ತಿದ್ರು."

ಆ ಕಥೆ ಮೌಲಾಸಾಬರಿಗೂ ತಿಳಿದಿತ್ತು. ಒಮ್ಮೆ ಮಂತ್ರಿಯೊಬ್ಬರ ಫೋನ್ ಬಂದಾಗ ಬಿಂದುಮಾಧವರು, ಮಂತ್ರಿ ಹೇಳಿದಂತೆಯೇ ತೀರ್ಪು ಬರೆದರು. ನಿರಪರಾಧಿಯೊಬ್ಬ ಸೆರೆಮನೆಯಲ್ಲಿ ಸತ್ತ. ಸಾಯುವ ಮೊದಲು ಅವರು ಮಗಳಿಗೆ ಹೇಳಿದ ಮಾತು ಒಂದೇ: "ಅವತ್ತ ನಾ ಅಂಜಿದ್ದೆ." ಆ ಮೂರು ಶಬ್ದಗಳಿಂದ ಅಭಯದೀಪ ಹುಟ್ಟಿತ್ತು.

ಮೌಲಾಸಾಬರು ಬೆಳ್ಳಿಯ ಕೋಲಿನ ತುದಿಯನ್ನು ಅಂಗೈಯಿಂದ ಒರೆಸಿದರು. "ಹುಯಿಲಗೋಳ ಸಾಹೇಬರು ಏನು ಓದೋರಿದ್ರು ಅಂತ ನಿಮಗ ಗೊತ್ತೇನ್ರಿ?"

"ಅದು ಲಕೋಟಿಯೊಳಗದ. ಯಾರಿಗೂ ಗೊತ್ತಿಲ್ಲ."

"ಹೌದ್ರಿ. ಯಾರಿಗೂ ಗೊತ್ತಿಲ್ಲ" ಎಂದು ಅವರು ಹೊರಟುಹೋದರು.

ಮಂಗಳವಾರ ಎರಡನೆಯ ನ್ಯಾಯಾಧೀಶರು ಮೂರನೆಯ ಪುಟವನ್ನು ಓದುತ್ತಿದ್ದಾಗ ದೀಪ ಕೆಂಪಾಯಿತು. ಬುಧವಾರ ಮೂರನೆಯವರು ಕುರ್ಚಿಯಲ್ಲಿ ಕೂತೊಡನೆಯೇ ಕೆಂಪಾಯಿತು. ಗುರುವಾರ ನ್ಯಾಯಮೂರ್ತಿ ದಿಗಂಬರ ಸವಡಿಯವರು ಬಂದು ಕುಳಿತು, ಸಭೆಗೆ ನಗುಮುಖದಿಂದ ನಮಸ್ಕರಿಸಿ, ಹನ್ನೆರಡು ಸಾಲುಗಳ ತೀರ್ಪನ್ನು ಓದಿದರು. ದೀಪವು ಮೊದಲಿನಿಂದ ಕೊನೆಯವರೆಗೆ ಎಳೆಯ ಗರಿಕೆಯ ಬಣ್ಣದಲ್ಲಿ ಅಲುಗದೆ ನಿಂತಿತ್ತು. ಅರ್ಜಿಯನ್ನು ತಳ್ಳಿಹಾಕಲಾಗಿದೆ, ಶನಿವಾರ ಮಧ್ಯಾಹ್ನ ಬಂಧಿಯನ್ನು ಶಿಬಿರಕ್ಕೆ ಸಾಗಿಸತಕ್ಕದ್ದು.

ಮಂದಾಕಿನಿಗೆ ಅರ್ಥವಾಗಲಿಲ್ಲ. ಸಹಿ ಮಾಡದಿದ್ದುದು ಅಪರಾಧವಾದುದು ಹೇಗೆ ಎಂಬುದಕ್ಕೆ ಆ ಹನ್ನೆರಡು ಸಾಲುಗಳಲ್ಲಿ ಒಂದು ಕಾರಣವೂ ಇರಲಿಲ್ಲ. ಆಕೆ ಇನ್ನೂ ಕುಳಿತಿದ್ದಂತೆಯೇ ಬಸಲಿಂಗವ್ವ ಎದುರಿಗೆ ಬಂದು ನಿಂತಳು.

"ಈ ದೀಪ ನೀವ ಮಾಡಿದ್ದಂತಲ್ರಿ, ಅಕ್ಕಾರ?"

"ಹೌದವ್ವ."

"ಹಸರ ಇತ್ತಲ್ರಿ, ಕಡೀತನ." ಬಸಲಿಂಗವ್ವ ಪೀಠದ ಕಡೆಗೆ ತಿರುಗಿ, ದೇವರ ಮುಂದೆ ಮುಗಿಯುವಂತೆ, ದೀಪಕ್ಕೆ ಕೈಮುಗಿದಳು. "ಹಂಗಾದ್ರ ಅದು ಖರೇ ನ್ಯಾಯನ ಇರಬೇಕು. ನಮ್ಮ ಮನಿಯವರು ತಪ್ಪು ಮಾಡಿಲ್ಲ ಅಂತ ಓಣಿಗೆಲ್ಲಾ ಹೇಳ್ಕೊಂತ ಅಡ್ಡಾಡಿದ್ನಿ. ನನಗ ತಿಳೀಲಿಲ್ರಿ. ನಾಳೆ ಜೇಲಿಗೆ ಹೋಗಿ ಹೇಳಿಬರ್ತೀನಿ, ತಪ್ಪಾತು ಅಂತ ಒಪ್ಗೊಂಡು ಹೋಗ್ರಿ ಅಂತ."

ಮಂದಾಕಿನಿ ಎದ್ದು ನಿಂತಳು. ಹಿಂದೆಯೂ ಅನ್ಯಾಯದ ತೀರ್ಪುಗಳು ಬಂದಿದ್ದವು. ಆದರೆ ಅನ್ಯಾಯಕ್ಕೆ ಒಳಗಾದವರಿಗೆ, ತಮಗಾದದ್ದು ಅನ್ಯಾಯವೆಂಬ ಅರಿವೊಂದಾದರೂ ಉಳಿದಿರುತ್ತಿತ್ತು. ಈ ಹೆಂಗಸಿನ ಕೈಯಿಂದ ಅದೂ ಜಾರಿಹೋಗಿತ್ತು. ಕಸಿದುಕೊಂಡದ್ದು ತನ್ನ ದೀಪ.

ಮಂದಾಕಿನಿ ನೇರವಾಗಿ ಸವಡಿಯವರ ಕೋಣೆಗೆ ಹೋದಳು. ಅವರು ಡಬ್ಬಿ ಬಿಚ್ಚಿಕೊಂಡು ಊಟಕ್ಕೆ ಕುಳಿತಿದ್ದರು.

"ಬರ್ರಿ, ಬರ್ರಿ. ದೀಪದ ತಾಯಿ ಬಂದ್ರು. ರೊಟ್ಟಿಗೆ ಶೇಂಗಾ ಚಟ್ನಿ ಹಾಕ್ಲೇನು?"

"ಬ್ಯಾಡ್ರಿ. ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಮೊಕದ್ದಮೆ ಸಲುವಾಗಿ ನಿಮಗ ಯಾರರೆ ಫೋನ್ ಮಾಡಿದ್ರೇನು?"

"ಮಾಡಿದ್ರಲ್ಲ. ಬುಧವಾರ ಮಧ್ಯಾಹ್ನನ ಮಾಡಿದ್ರು. ಭಾಳ ಮರ್ಯಾದಿಯಿಂದ ಮಾತಾಡ್ತಾರ, ಪಾಪ."

"ನೀವೇನಂದ್ರಿ?"

"ಏನನ್ನೋದದ? ಹೂಂ ಅಂದೆ."

ಸವಡಿಯವರ ಮುಖದಲ್ಲಿ ಕಪಟವಿರಲಿಲ್ಲ, ಲಜ್ಜೆಯೂ ಇರಲಿಲ್ಲ. ಮಳೆ ಬಂತೇ ಎಂದು ಕೇಳಿದರೆ ಬಂತೆನ್ನುವ ಮನುಷ್ಯನ ಮುಖ ಅದು.

"ಹೆದರಿಕಿ ಆಗ್ಲಿಲ್ಲೇನ್ರಿ ನಿಮಗ?"

"ಯಾಕ ಆಗಬೇಕು? ಹೂಂ ಅಂದಮ್ಯಾಲೆ ಹೆದರೂದೇನದ ಬಾಯಾರ? ನಾ ಯಾವಾಗಲೂ ಮೊದಲನ ಹೂಂ ಅಂದಿರ್ತೀನಿ. ನಿಮ್ಮ ದೀಪಕ್ಕೂ ತ್ರಾಸಿಲ್ಲ, ನನಗೂ ತ್ರಾಸಿಲ್ಲ."

"ಅಂಥಾ ಫೋನ್ ಬಂದ್ರ ನ್ಯಾಯಾಧೀಶರು ಬರದು ತಿಳಿಸಬೇಕು ಅಂತ ನಿಯಮ ಇತ್ತಲ್ಲ."

"ಇತ್ತು. ಸಿಟ್ಟಿಗೆದ್ದು ಊರೂರಿಗೆ ವರ್ಗಾ ಮಾಡಬಾರದು ಅನ್ನೋ ನಿಯಮನೂ ಇತ್ತು. ದೀಪ ಬಂದ ವರ್ಷನ ಎಲ್ಲಾ ತಗದ್ರು. ಅಂಜಿದವನ್ನ ದೀಪನ ಹಿಡಿತದಲ್ಲ, ಮತ್ತ ಆ ಹಳೇ ನಿಯಮ ಯಾಕ ಅಂತ." ಅವರು ರೊಟ್ಟಿಯನ್ನು ಮುರಿದರು. "ಹತ್ತೊಂಬತ್ತು ದೇಶದಾಗೂ ತಗದಾರಂತ. ನಿಮಗ ಗೊತ್ತಿಲ್ಲೇನು?"

ಆಕೆಗೆ ಗೊತ್ತಿರಲಿಲ್ಲ. ತನ್ನ ಕೊಠಡಿಗೆ ಬಂದು ನಾಲ್ಕು ವರ್ಷಗಳ ತರಂಗಲೇಖಗಳನ್ನು ತೆರೆದಳು. ಸವಡಿಯವರ ಲೇಖವು ಗಾಳಿಯಿಲ್ಲದ ದಿನದ ಕೆರೆಯ ನೀರಿನಂತಿತ್ತು; ಎಂದೂ ಒಂದು ಅಲೆಯೆದ್ದಿರಲಿಲ್ಲ. ಬೇರೆ ಬೇರೆ ದೇಶಗಳ ದೊಡ್ಡ ಮೊಕದ್ದಮೆಗಳಲ್ಲಿ ಕಡೆಗೆ ಪೀಠದಲ್ಲಿ ಉಳಿದವರ ಲೇಖಗಳನ್ನೂ ನೋಡಿದಳು. ಅಲ್ಲೂ ಕೆರೆಯ ನೀರೇ.

ಶುಕ್ರವಾರ ಬೆಳಗ್ಗೆ ಆಕೆ ಹುಯಿಲಗೋಳರ ಮನೆಗೆ ಹೋದಾಗ ಅವರು ಪೂಜೆ ಮುಗಿಸಿ, ಗಂಧದ ಬೊಟ್ಟು ಇನ್ನೂ ಆರದ ಹಣೆಯಿಂದ, ಪಡಸಾಲೆಯ ಚಾಪೆಯ ಮೇಲೆ ಕುಳಿತಿದ್ದರು.

"ಬಾ ತಂಗಿ. ಬಿಂದುಮಾಧವರಾಯರ ಮಗಳು ನನ್ನ ಮನಿಗೆ ಬರೋದು ಇಷ್ಟು ತಡ ಆತಲ್ಲ."

ಮಂದಾಕಿನಿ ನಮಸ್ಕರಿಸಿ ಕುಳಿತಳು. "ನನ್ನ ದೀಪ ನಿಮ್ಮ ಬಗ್ಗೆ ಸುಳ್ಳು ಹೇಳ್ತೇನು, ಕಾಕಾ?"

"ಇಲ್ಲ. ಹೆದರಿದ್ದೆ. ಇಲ್ಲದ್ದು ಯಾಕ ಹೇಳ್ಲಿ? ಫೋನ್ ನನಗೂ ಬಂದಿತ್ತು. ಊಹೂಂ ಅಂದೆ. ಅಂದಮ್ಯಾಲೆ ಮೂರು ದಿನ ಗಂಟಲದಾಗ ಅನ್ನ ಇಳೀಲಿಲ್ಲ. ಇವಳು ವೈದ್ಯರನ್ನ ಕರಸ್ತೀನಿ ಅಂತ ಕೂತಿದ್ಲು."

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ವೈದ್ಯರಿಗೆ ಏನ್ ಹೇಳ್ಲಿ, ಊಹೂಂ ಅನ್ನೋ ರೋಗ ಬಂದದ ಅಂತ?"

ಹುಯಿಲಗೋಳರು ನಕ್ಕರು. ಆಮೇಲೆ ಗಂಭೀರರಾದರು. "ಬರೀ ಅವರಿಗೆ ಅಂಜಿದ್ದಲ್ಲ. ಬರಿಯೋಮುಂದ ಪ್ರತಿ ವಾಕ್ಯಕ್ಕೂ ಅಂಜಿದೆ. ಒಂದು ಶಬ್ದ ಸಡಿಲಾದ್ರ ಮ್ಯಾಲಿನವರು ಎಳದು ಒಗೀತಾರ, ಆ ಮಾಸ್ತರನ ಗತಿ ಮುಗೀತದ. ಮತ್ತ ಇಲ್ಲಿ," ಎಂದು ದೇವರ ಕೋಣೆಯ ಕಡೆ ಕೈ ತೋರಿಸಿದರು, "ಇವನಿಗೆ ನಾಳೆ ಏನಂತ ಮುಖ ತೋರಸ್ಲಿ ಅಂತ ಅದಕ್ಕೂ ಅಂಜಿದೆ. ನಿಮ್ಮಪ್ಪ ನಿನಗ ವ್ಯಾಕರಣ ಕಲಿಸಿದ್ದ, ಹೌದಲ್ಲೋ?"

"ಕಲಿಸಿದ್ರು. ಮರತದ."

"ಅಂಜು ಅನ್ನೋ ಧಾತು ಒಂಟಿಯಾಗಿ ನಿಲ್ಲೂದಿಲ್ಲ, ತಂಗಿ. ಯಾರಿಗೆ ಅಂಜಿದೆ, ಯಾತಕ್ಕ ಅಂಜಿದೆ, ಯಾರ ಸಲುವಾಗಿ ಅಂಜಿದೆ? ಆ ಪದ ಬಂದು ವಿಭಕ್ತಿ ಹತ್ತಿದಮ್ಯಾಲೆ ವಾಕ್ಯ ಪೂರ್ಣ ಆಗ್ತದ. ನಿನ್ನ ದೀಪ ಧಾತು ಹಿಡಿತದ, ವಿಭಕ್ತಿ ಬಿಡ್ತದ. ಅಧಿಕಾರಕ್ಕ ಅಂಜೋದೂ ಅದಕ್ಕ ಕೆಂಪು, ಪಾಪಕ್ಕ ಅಂಜೋದೂ ಕೆಂಪು. ಯಾವದಕ್ಕೂ ಅಂಜದವನು ಮಾತ್ರ ಹಸರು." ಅವರು ಮೆಲ್ಲಗೆ ಹೇಳಿದರು: "ಭಯ ಭಕ್ತಿ ಅಂತ ಜೋಡಿಸಿ ಅಂತೀವಲ್ಲ. ನೀ ಒಂದನ್ನ ಕಿತ್ತು ಒಗದಿ. ಇನ್ನೊಂದೂ ಅದರ ಸಂಗಡ ಹೋತು."

ಮುನ್ನೂರ ಹನ್ನೆರಡು ಎಂಬ ಸಂಖ್ಯೆಯು ಮಂದಾಕಿನಿಯ ಮನಸ್ಸಿನಲ್ಲಿ ಮೆಲ್ಲಗೆ ಮಗುಚಿಕೊಂಡಿತು. ಬಾಗದೆ ನಿಲ್ಲುವವನಿಗೇ ಭಯ. ಬಾಗಿಬಿಟ್ಟವನಿಗೆ ಅದರ ಗೊಡವೆಯೇ ಇಲ್ಲ. ಹೆದರುತ್ತ ಹೆದರುತ್ತಲೇ ಧರ್ಮವನ್ನು ಬರೆಯಲು ಕುಳಿತವರನ್ನು ಆಕೆ ನಾಲ್ಕು ವರ್ಷ ಒಬ್ಬೊಬ್ಬರಾಗಿ ಆರಿಸಿ ತೆಗೆದಿದ್ದಳು. ಯಾವ ಸರ್ವಾಧಿಕಾರಿಯೂ ಅಷ್ಟು ನಿಷ್ಕೃಷ್ಟವಾದ ಪಟ್ಟಿಯನ್ನು ಮಾಡಿರಲಾರನು.

ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಆಕೆ ನ್ಯಾಯಪೀಠದ ದಾಖಲಾಧಿಕಾರಿಯ ಮುಂದೆ ಕುಳಿತಳು. ತಾನೇ ಸೇರಿಸಿದ್ದ ವಿಧಿಯ ಪ್ರಕಾರ ಪ್ರಮಾಣಪತ್ರವನ್ನು ಸಭಾಂಗಣದಲ್ಲಿಯೇ, ಎಲ್ಲರ ಎದುರು ಬರೆಯಬೇಕು. ಪೀಠ ಖಾಲಿಯಾಗಿತ್ತು. ಹಿಂದಿನ ಸಾಲಿನಲ್ಲಿ ಬಸಲಿಂಗವ್ವ ಗಂಡನ ಬಟ್ಟೆಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮಧ್ಯಾಹ್ನ ಅದನ್ನು ಸೆರೆಮನೆಯ ಬಾಗಿಲಲ್ಲಿ ಕೊಡಬೇಕಾಗಿತ್ತು.

ದಾಖಲಾಧಿಕಾರಿ ಕೆಟ್ಟ ಮನುಷ್ಯನಲ್ಲ. ತಗ್ಗಿದ ದನಿಯಲ್ಲಿ ಹೇಳಿದನು: "ಬಾಯಾರ, ವಿಚಾರ ಮಾಡ್ರಿ. ಇದೊಂದು ಕಾಗದ ಬರದ್ರ ಹತ್ತೊಂಬತ್ತು ದೇಶದ ಹಸರು ತೀರ್ಪೆಲ್ಲಾ ಅಲಗಾಡ್ತಾವ. ದೀಪದ ಮರ್ಯಾದಿ ಕಳದವರನ್ನೂ ಲೋಕಕ್ಷೇಮ ಶಾಸನದಾಗ ಹಿಡೀಲಿಕ್ಕೆ ಬರ್ತದ. ಆ ಶಿಬಿರಕ್ಕ ಹೆಣ್ಣುಮಕ್ಕಳನ್ನೂ ಒಯ್ತಾರ."

ಮಂದಾಕಿನಿ ಲೇಖನಿಯ ಮುಚ್ಚಳವನ್ನು ತೆಗೆದಳು. ಮೌಲಾಸಾಬರು ಹುಯಿಲಗೋಳರ ಲಕೋಟೆಯನ್ನು ತಂದು ಮೇಜಿನ ಮೇಲಿಟ್ಟು ಪಕ್ಕದಲ್ಲಿ ನಿಂತರು.

"ಕಾಕಾ," ಎಂದಳು ಆಕೆ, ತಲೆಯೆತ್ತದೆ, "ನಮ್ಮಪ್ಪ ಅಂಜಿ ತಪ್ಪು ಮಾಡಿದ್ರು ಅಂತ ನಾ ಈ ದೀಪ ಮಾಡಿದೆ. ಫೋನ್ ಬಂದ ದಿನ ನೀವು ಮನಿಯೊಳಗ ಇದ್ರಿ. ಅಪ್ಪ ಅಂಜಿದ್ದು ಖರೇ ಹೌದಲ್ಲೋ?"

ಮೌಲಾಸಾಬರು ಬೆಳ್ಳಿಯ ಕೋಲನ್ನು ಮೇಜಿಗೆ ಒರಗಿಸಿದರು.

"ಹೌದ್ರಿ. ಹೂಂ ಅನ್ನೋತನಕ ಅಂಜಿದ್ರು. ಧೋತರದ ತುದಿ ಹಿಡಕೊಂಡು ನಿಂತಿದ್ರು. ಆಮ್ಯಾಲೆ ಹೂಂ ಅಂದ್ರು. ಫೋನ್ ಇಟ್ರು. ಮೌಲಾ, ಚಾ ಮಾಡಾಕ ಹೇಳು ಅಂದ್ರು." ಅವರ ದನಿ ಸಣ್ಣದಾಯಿತು. "ಮರುದಿವಸ ತೀರ್ಪು ಓದೋಮುಂದ ಕಟಗೇರಿ ಸಾಹೇಬರ ದನಿ ಅಷ್ಟು ತಣ್ಣಗಿದ್ದದ್ದು ನಾ ಎಂದೂ ಕೇಳಿದ್ದಿಲ್ರಿ. ನಿಮ್ಮ ದೀಪ ಅವತ್ತಿದ್ರ ಹಸರನ ಇರ್ತಿತ್ತು, ಅಕ್ಕಾರ. ಇಷ್ಟು ವರ್ಷ ಹೇಳಬಾರದು ಅಂತ ಸುಮ್ಮನಿದ್ನಿ."

ಯಾವ ಒಂದು ದಿನವನ್ನು ತಡೆಯುವುದಕ್ಕಾಗಿ ಆಕೆ ತನ್ನ ಆಯುಷ್ಯವನ್ನೆಲ್ಲ ಸವೆಸಿದ್ದಳೋ ಆ ದಿನವನ್ನೇ ಅಭಯದೀಪವು ತಡೆಯುತ್ತಿರಲಿಲ್ಲ. ಅದರ ಮೇಲೆ ಹಸಿರು ಬೆಳಕನ್ನು ಚೆಲ್ಲಿ ನಿಲ್ಲುತ್ತಿತ್ತು.

ದೀಪವು ತಪ್ಪು ತೋರಿಸಿದೆಯೆಂದು ಮಂದಾಕಿನಿ ಬರೆಯತೊಡಗಿದಳು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮೇಜಿನ ಮೇಲಿದ್ದ ಕೈದೀಪವು ಹಳದಿಯಾಯಿತು. ಸಹಿಯ ಜಾಗಕ್ಕೆ ಬಂದಾಗ ಕೆಂಪಾಯಿತು. ಕೂದಲಿನಲ್ಲಿದ್ದ ತರಂಗಗ್ರಾಹಿಯನ್ನು ಆಕೆ ಮರೆತೇಬಿಟ್ಟಿದ್ದಳು.

"ಕೆಂಪಾತ್ರಿ" ಎಂದರು ಮೌಲಾಸಾಬರು.

"ಆಗ್ಲಿ ಬಿಡ್ರಿ" ಎಂದು ಆಕೆ ಸಹಿ ಮಾಡಿದಳು. ಕೊನೆಯ ಅಕ್ಷರ ಸೊಟ್ಟಗಾಯಿತು.

ಅರಗು ಒಡೆಯಿತು. ದಾಖಲಾಧಿಕಾರಿ ಹಾಳೆಗಳನ್ನು ಹೊರತೆಗೆದು, ಕಣ್ಣಿನ ಹತ್ತಿರಕ್ಕೆ ತಂದು, "ಅಕ್ಷರ ಭಾಳ ನಡುಗ್ಯಾವ, ತಡಕೋಬೇಕು" ಎಂದು ಗಂಟಲನ್ನು ಸರಿಪಡಿಸಿಕೊಂಡು ಓದಲಾರಂಭಿಸಿದನು. ತಾನು ಎಣಿಸದ ಸಂಖ್ಯೆಗೆ ಸಹಿ ಮಾಡಲು ಯಾವ ಶಾಸನವೂ ಯಾರನ್ನೂ ಒತ್ತಾಯಿಸಲಾರದೆಂದು ಮೊದಲ ವಾಕ್ಯ ಹೇಳುತ್ತಿತ್ತು.

ಬಸಲಿಂಗವ್ವ ಗಂಟನ್ನು ಎದೆಗೊತ್ತಿಕೊಂಡು ಮೇಜಿನ ಬಳಿಗೆ ಬಂದಿದ್ದಳು. ಆಕೆಯ ಕಣ್ಣು ಕೈದೀಪದ ಮೇಲಿತ್ತು.

"ಕೆಂಪೈತಲ್ರಿ, ಅಕ್ಕಾರ," ಎಂದಳು ಗಾಬರಿಯಿಂದ. "ಈ ತೀರ್ಪನ್ನ ನಂಬ್ಲೋ ಬ್ಯಾಡೋರಿ?"

ಮಂದಾಕಿನಿ ಕೂದಲಿನಿಂದ ತರಂಗಗ್ರಾಹಿಯನ್ನು ಕಿತ್ತು ಮೇಜಿನ ಮೇಲಿಟ್ಟಳು. ದೀಪ ಆರಿತು.

"ದೀಪ ನೋಡಬ್ಯಾಡವ್ವ" ಎಂದಳು. "ಓದೂದನ್ನ ಕೇಳು."